ಹಳೆ ಬಂಗಲೆ, ಹಿತ್ತಲ ಬಾವಿಯ ಮೇಲೊಂದು ವಿಂಡ್‌ಮಿಲ್: ಉಳಿಸುವಷ್ಟು ಬೆಲೆ ಇದೆಯೇ?

ಹಂಚಿನಮನೆ ಕೇಳಿದ್ದು

ಬೆಂಗಳೂರು ದಂಡು ಪ್ರದೇಶದ ಬಂಗಲೆ, ಸುಮಾರು 20 ಗುಂಟೆ ಜಾಗ. ಮುಂದೆ ಮಂಕಿ ಟಾಪ್ (ಚೂಪು ತಲೆಯ ಮರದ ಮುಂಚಾಚು) ಇರುವ ಪೋರ್ಟಿಕೊ, ಮೇಲೆ ಮಂಗಳೂರು ಹಂಚು, ಹಿಂದಿನ ಎರಡು ಕೋಣೆಗೆ ಮದ್ರಾಸ್ ತಾರಸಿ (ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣ ಹಾಕಿದ ಚಾವಣಿ), ಕೆಂಪು ಗಾರೆ ನೆಲ.

ಹಿತ್ತಲಲ್ಲಿ 12 ಅಡಿ ಅಗಲದ ಕಲ್ಲು ಕಟ್ಟಿದ ಬಾವಿ. ನೀರು ಈಗ 35 ಅಡಿ ಕೆಳಗಿದೆ. ಅದರ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಅಂದಾಜು 40 ಅಡಿ. ತುದಿಯಲ್ಲಿ 8 ಅಡಿ ವ್ಯಾಸದ ತಗಡಿನ ಚಕ್ರ, 18 ರೆಕ್ಕೆಗಳಲ್ಲಿ 5 ಇಲ್ಲ. ಬಾಲದ ತಗಡಿನಲ್ಲಿ ಅಕ್ಷರಗಳ ಗುರುತಿದೆ, ಓದಲು ಬರುತ್ತಿಲ್ಲ. ಗೇರ್‌ಬಾಕ್ಸ್ ಮುಚ್ಚಳ ಹಾರಿಹೋಗಿದೆ. ಬಾವಿಗೆ ಇಳಿಯುವ ಮರದ ಸರಳು ನಡುವೆ ಮುರಿದಿದೆ. ಪಕ್ಕದಲ್ಲಿ ಇಟ್ಟಿಗೆ ಕಂಬಗಳ ಮೇಲೆ ರಿವೆಟ್ ಹೊಡೆದ ದುಂಡು ಟ್ಯಾಂಕು, 6 ಅಡಿ ವ್ಯಾಸ, 4 ಅಡಿ ಎತ್ತರ. ಅಲ್ಲಿಂದ ಬಚ್ಚಲಿಗೆ, ಅಡುಗೆಮನೆಗೆ, ತೋಟಕ್ಕೆ ಪೈಪು ಹೋಗಿದೆ.

ಹಂಚಿನ ಮೇಲೆ 1865 ಎಂಬ ಅಚ್ಚಿದೆ, ಮನೆಯೂ ಅದೇ ವರ್ಷದ್ದು ಎಂಬುದು ಮನೆಯವರ ನಂಬಿಕೆ. ಹೌದೇ? ವಿಂಡ್‌ಮಿಲ್ಲಿನ ವಯಸ್ಸು ಪತ್ತೆ ಮಾಡುವುದು ಹೇಗೆ? ಅದಿದ್ದರೆ ಬಂಗಲೆಯ ಪಾರಂಪರಿಕ ಮೌಲ್ಯ ಹೆಚ್ಚುತ್ತದೆಯೇ? ರೆಸಾರ್ಟ್‌ನವರೊಬ್ಬರು ಚಕ್ರ, ಗೋಪುರ ಎರಡನ್ನೂ ಬಿಚ್ಚಿಕೊಂಡು ಹೋಗಲು ಬೆಲೆ ಕೇಳಿದ್ದಾರೆ. ಆಸ್ತಿ ಮೂವರು ಅಣ್ಣತಮ್ಮಂದಿರ ಹೆಸರಲ್ಲಿದೆ, ಇಬ್ಬರು ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಮತ್ತೆ ನೀರೆತ್ತಿಸಲು ಆಗುತ್ತದೆಯೇ ಎಂಬುದೂ ಗೊತ್ತಾಗಬೇಕು.

ಸುಣ್ಣದಗೂಡು

1865 ನಿಮ್ಮ ಮನೆಯ ವರ್ಷ ಅಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಅದು. ಆಮೇಲೆ ದಶಕಗಟ್ಟಲೆ ಅದೇ ಅಚ್ಚು ಹಂಚಿನ ಬೆನ್ನಿಗೆ ಬೀಳುತ್ತಲೇ ಇತ್ತು. ಆಲ್ಬುಕರ್ಕ್ ಹಂಚಿನ 1868 ಕೂಡ ಹಾಗೆಯೇ. ಈ ಒಂದು ತಪ್ಪಿನಿಂದ ಎಷ್ಟೋ ಬಂಗಲೆಗಳಿಗೆ ಇಲ್ಲದ ವಯಸ್ಸು ಬಂದುಬಿಟ್ಟಿದೆ. ಅಚ್ಚಿನಿಂದ ತಿಳಿಯುವ ಸಂಗತಿ ಬೇರೆಯೇ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು, ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಂಚಿನಲ್ಲಿ ಟ್ರಸ್ಟಿನ ಹೆಸರಿದ್ದರೆ ಅದು ಯುದ್ಧದ ನಂತರದ್ದು. ಹಂಚು ಒಡೆಯುತ್ತದೆ, ಬದಲಾಗುತ್ತದೆ, ಹಾಗಾಗಿ ಒಂದೆರಡು ನೋಡಿ ತೀರ್ಮಾನಕ್ಕೆ ಬರಬೇಡಿ. ಮೇಸ್ತ್ರಿ ಹಂಚು ಕೈಯಾಡಿಸುವಾಗ ನೂರು ಹಂಚು ತಿರುಗಿಸಿ ನೋಡಿ, ಯಾವ ಅಚ್ಚು ಎಷ್ಟಿದೆ ಎಂದು ಬರೆದಿಡಿ.

ಹಂಚಿಗಿಂತ ತೊಲೆಯನ್ನು ನಂಬಬಹುದು. ತಾರಸಿಯ ಕೆಳಗೆ ಕಬ್ಬಿಣದ ತೊಲೆ ಇದ್ದರೆ ನಡುಪಟ್ಟಿಯ ಬಣ್ಣ ಕೆರೆದು ಉಬ್ಬಕ್ಷರ ಹುಡುಕಿ. ಡಾರ್ಮನ್ ಲಾಂಗ್, ಲಾನಾರ್ಕ್‌ಶೈರ್, ಫ್ರಾಡಿಂಗ್‌ಹ್ಯಾಮ್ ಎಂದಿದ್ದರೆ ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಮಾಲು. ಟಾಟಾ ಎಂದಿದ್ದರೆ 1912ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಅವರ ಉಕ್ಕು ಮೊದಲು ಹೊರಬಂದದ್ದೇ ಆ ವರ್ಷ. ತೊಲೆಯನ್ನು ಹಂಚಿನ ಹಾಗೆ ಯಾರೂ ಹತ್ತು ವರ್ಷಕ್ಕೊಮ್ಮೆ ಬದಲಿಸುವುದಿಲ್ಲ.

ಇನ್ನು ಮೌಲ್ಯದ ಮಾತು. ಮಂಕಿ ಟಾಪ್, ಹಂಚು, ಗಾರೆ ನೆಲ ಇರುವ ಬಂಗಲೆಗಳು ಕಡಿಮೆಯಾಗುತ್ತಿವೆ ನಿಜ, ಆದರೆ ಇನ್ನೂ ಇವೆ, ಅವುಗಳ ಫೋಟೊ, ನಕ್ಷೆ ಬೇಕಾದಷ್ಟಿವೆ. ನಿಮ್ಮಲ್ಲಿರುವ ಅಪರೂಪ ಬೇರೆ: ಬಾವಿ, ಗಾಳಿಚಕ್ರ, ಟ್ಯಾಂಕು, ಪೈಪು, ಬಚ್ಚಲು, ಇಷ್ಟೂ ಒಂದೇ ಕಡೆ, ಹಾಕಿದ ಜಾಗದಲ್ಲೇ ಇವೆ. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದದ್ದು 1890ರ ದಶಕದಲ್ಲಿ, ಕರೆಂಟು 1905ರಲ್ಲಿ, ತಿಪ್ಪಗೊಂಡನಹಳ್ಳಿ ನೀರು 1933ರಲ್ಲಿ. ಈ ಮೂರು ವರ್ಷಗಳ ನಡುವೆ ನಿಮ್ಮ ಚಕ್ರ ಎಲ್ಲಿ ಕೂರುತ್ತದೆ ಎನ್ನುವುದೇ ಮುಖ್ಯ ಪ್ರಶ್ನೆ. 1905ಕ್ಕಿಂತ ಮೊದಲಿನದಾದರೆ ಬೇರೆ ದಾರಿಯಿಲ್ಲದೆ ಹಾಕಿಸಿದ್ದು. ನಂತರದ್ದಾದರೆ ನಲ್ಲಿ, ಕರೆಂಟು ಎರಡೂ ಊರಿಗೆ ಬಂದ ಮೇಲೂ ಈ ಮನೆ ಗಾಳಿಯನ್ನೇ ನೆಚ್ಚಿತ್ತು ಎಂದಾಯಿತು. ನನಗೆ ಎರಡನೆಯದೇ ಹೆಚ್ಚು ಕುತೂಹಲದ ಸಂಗತಿ.

ಚಕ್ರ ಬಿಚ್ಚಿ ರೆಸಾರ್ಟ್ ಬಾಗಿಲಿಗೆ ನಿಲ್ಲಿಸಿದರೆ ಅದು ಅಲ್ಲಿ ಅಲಂಕಾರ. ಇಲ್ಲಿ ಉಳಿದ ಟ್ಯಾಂಕು ಯಾಕಿದೆ ಎಂದು ಹೇಳುವವರಿರುವುದಿಲ್ಲ. ಎರಡೂ ಕಡೆ ನಷ್ಟ.

ಗಾಳಿಗಂಬ

ಮೇಲಿನವರು ಮನೆಯ ಲೆಕ್ಕ ಹೇಳಿದ್ದಾರೆ, ಯಂತ್ರದ್ದು ನಾನು ಹೇಳುತ್ತೇನೆ. ಮನೆಯ ವಯಸ್ಸನ್ನು ಯಂತ್ರಕ್ಕೆ ಹಚ್ಚಬೇಡಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೇ 1960ರ ದಶಕದಲ್ಲಿ ಡಬ್ಲ್ಯುಪಿ-2 ಎಂಬ ನೀರೆತ್ತುವ ಗಾಳಿಯಂತ್ರ ಮಾಡಿತ್ತು. 1980ರ ದಶಕದಲ್ಲಿ 12-ಪಿಯು-500 ಎಂಬ ಇನ್ನೊಂದು ಮಾದರಿ ಸರ್ಕಾರದ ಯೋಜನೆಯಲ್ಲಿ ಹಲವು ಕಡೆ ನಿಂತಿತು. ಹೆಸರೇ ಹೇಳುವಂತೆ 12 ರೆಕ್ಕೆ, 500 ಸೆಂ.ಮೀ. ವ್ಯಾಸ, ಗೇರು ಇಲ್ಲ. ನಿಮ್ಮದು 8 ಅಡಿ, 18 ರೆಕ್ಕೆ, ಗೇರ್‌ಬಾಕ್ಸ್ ಬೇರೆ ಇದೆ. ಹಾಗಾಗಿ ಇವೆರಡೂ ಅಲ್ಲ, ಅಮೆರಿಕದ ಜಾತಿಯದು ಎಂದು ಕಾಣುತ್ತದೆ. ಖಚಿತ ಮಾಡಿಕೊಳ್ಳಲು ಮೂರು ಪರೀಕ್ಷೆ ಮಾಡಿ.

ಬಾಲದ ಅಕ್ಷರ. ಹಗಲಲ್ಲಿ ಕಾಣುವುದಿಲ್ಲ. ರಾತ್ರಿ, ಬಲವಾದ ಟಾರ್ಚನ್ನು ತಗಡಿಗೆ ಬಹುತೇಕ ಸಮಾನಾಂತರವಾಗಿ ಓರೆಯಾಗಿ ಹಿಡಿದು, ದೂರದಿಂದ ಜೂಮ್ ಹಾಕಿ ಫೋಟೊ ತೆಗೆಯಿರಿ. ಬಣ್ಣ ಹೋದ ಮೇಲೂ ಬಣ್ಣದಡಿಯ ಸತು ಬೇರೆ ಥರ ಸವೆದಿರುತ್ತದೆ, ಅಕ್ಷರ ಎದ್ದು ಬರುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿದರೆ ಈ ಸಾಕ್ಷ್ಯ ಅಲ್ಲೇ ಮುಗಿಯಿತು.

ಬೋಲ್ಟು. ಗೋಪುರದ ಕೆಳಗಿನ ಅಡ್ಡಪಟ್ಟಿಯಿಂದ ಒಂದು ಅರ್ಧ ಇಂಚಿನ ಬೋಲ್ಟು ಬಿಚ್ಚಿ, ಒಂದು ಇಂಚಿನಲ್ಲಿ ಎಷ್ಟು ಮರೆ (ಸ್ಕ್ರೂ ಸುತ್ತು) ಇದೆ ಎಣಿಸಿ. 12 ಇದ್ದರೆ ಬ್ರಿಟಿಷ್ ವಿಟ್‌ವರ್ತ್, 13 ಇದ್ದರೆ ಅಮೆರಿಕದ ಅಳತೆ. ಒಂದೇ ಬೋಲ್ಟು ನೋಡಿ ನಿಲ್ಲಿಸಬೇಡಿ, ನಾಲ್ಕು ಎತ್ತರದಲ್ಲಿ ಒಂದೊಂದು ನೋಡಿ. ಕಳೆದುಹೋದ ಬೋಲ್ಟಿನ ಜಾಗಕ್ಕೆ ಊರಿನ ಬೋಲ್ಟು ಬಂದಿರುತ್ತದೆ.

ಗೇರ್‌ಬಾಕ್ಸ್. ಇದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಚಿಕಾಗೊದ ಏರ್‌ಮೋಟರ್ ಕಂಪನಿ 1888ರಲ್ಲಿ ಶುರುವಾಯಿತು. ಅದರ ಹಿಂದೆ ಥಾಮಸ್ ಪೆರಿ ಎಂಬ ಎಂಜಿನಿಯರ್ 1880ರ ದಶಕದ ಆರಂಭದಲ್ಲಿ ಚಕ್ರಗಳ ಮೇಲೆ ನಡೆಸಿದ ಸುಮಾರು 5,000 ಪ್ರಯೋಗಗಳಿವೆ. ಬಾಗಿದ ಉಕ್ಕಿನ ರೆಕ್ಕೆ ಬಂದದ್ದು ಆ ಪ್ರಯೋಗಗಳಿಂದಲೇ. ಹಳೆಯ ಮಾದರಿಗಳಲ್ಲಿ ಗೇರು ಬಯಲಿಗಿತ್ತು, ಬೇರಿಂಗಿಗೊಂದು ಎಣ್ಣೆ ಬಟ್ಟಲಿತ್ತು, ಆಗಾಗ ಮೇಲೆ ಹತ್ತಿ ಎಣ್ಣೆ ಹೊಯ್ಯಬೇಕಿತ್ತು. 1915ರಿಂದ ಗೇರು ಎಣ್ಣೆಯಲ್ಲೇ ಮುಳುಗಿ ತಿರುಗುವ ಮುಚ್ಚಿದ ಮಾದರಿ ಬಂತು. ಒಳಗೆ ಎರಡು ದೊಡ್ಡ ಗೇರು, ಅವನ್ನು ತಿರುಗಿಸುವ ಎರಡು ಚಿಕ್ಕ ಪಿನಿಯನ್, ತಳದಲ್ಲಿ ಎಣ್ಣೆ ತೊಟ್ಟಿ ಇದ್ದರೆ 1915ಕ್ಕಿಂತ ಹಿಂದಿನದಲ್ಲ ಎಂದು ಬರೆದುಕೊಳ್ಳಿ. ಎರಕದ ಮೇಲಿರುವ ಅಂಕೆಗಳ ಫೋಟೊ ಕೂಡ ಬೇಕು.

ಹತ್ತುವ ಮೊದಲು ಒಂದು ಮಾತು. ಗೋಪುರದ ಪ್ರತಿ ಕಾಲಿನ ಬುಡದಲ್ಲಿ ಒಂದೂವರೆ ಅಡಿ ಮಣ್ಣು ತೆಗೆದು ನೋಡಿ, ಒಂದು ಸಲಕ್ಕೆ ಒಂದೇ ಕಾಲು. ನೆಲಕ್ಕೆ ತಾಗುವ ಜಾಗದಲ್ಲೇ ಕಬ್ಬಿಣ ತಿಂದುಹೋಗುವುದು. ಮೇಲೆ ಹೊಳೆಯುತ್ತಿದ್ದರೂ ಅಲ್ಲಿ ಹಪ್ಪಳದ ಹಾಗಿರುತ್ತದೆ. ಕೆರೆದ ಮೇಲೆ ವರ್ನಿಯರ್‌ನಲ್ಲಿ ದಪ್ಪ ಅಳೆದು, ಎದೆಮಟ್ಟದ ದಪ್ಪಕ್ಕೆ ಹೋಲಿಸಿ. ಕಾಲುಭಾಗ ಕಡಿಮೆಯಾಗಿದ್ದರೂ ಯಾರನ್ನೂ ಹತ್ತಿಸಬೇಡಿ, ಕ್ರೇನ್ ಬುಟ್ಟಿ ತರಿಸಿ.

ಹಂಚಿನಮನೆ

ನೋಡಿಸಿದೆವು. ತೊಲೆಯಲ್ಲಿ ಡಾರ್ಮನ್ ಲಾಂಗ್ ಎಂದಿದೆ. ಬೋಲ್ಟು ಮೂರು ಕಡೆ 13 ಮರೆ, ಒಂದು ಕಡೆ 12. ಟಾರ್ಚಿನಲ್ಲಿ ಬಾಲದ ಮೇಲೆ ಮೊದಲ ಸಾಲಿನ ಕೊನೆಗೆ ‘ಮೋಟರ್’, ಕೆಳಗೆ ‘ಚಿಕಾಗೊ’ ಎಂದು ಓದಲಾಯಿತು. ಒಳಗೆ ಎರಡು ದೊಡ್ಡ ಗೇರು ಇವೆ, ತೊಟ್ಟಿಯಲ್ಲಿ ನೀರು ನಿಂತಿದೆ. ಒಂದು ಕಾಲಿನ ಬುಡ ಬಹಳ ಸವೆದಿದೆ, ಮೂರು ಪರವಾಗಿಲ್ಲ.

ಗಾಳಿಗಂಬ

ಹಾಗಾದರೆ ಏರ್‌ಮೋಟರ್, 1915ರ ನಂತರದ್ದು. ಮನೆ ಅದಕ್ಕಿಂತ ಹಳೆಯದಿದ್ದರೂ ಇರಬಹುದು. ಒಂದು ಅದೃಷ್ಟವೆಂದರೆ ಆ ಕಂಪನಿ ಇಂದಿಗೂ ಇದೇ ವಂಶದ ಯಂತ್ರ ಮಾಡುತ್ತಿದೆ, ಬಿಡಿಭಾಗ ಸಿಗುತ್ತದೆ. ಆದರೆ ತರಿಸುವ ಮೊದಲು ನಿಮ್ಮ ಎರಕದ ಅಂಕೆಯನ್ನು ಹೋಲಿಸಿ. ಹಳೆಯ ಮಾದರಿಗೂ 1933ರಲ್ಲಿ ಬಂದ 702 ಮಾದರಿಗೂ ಎಲ್ಲವೂ ಹೊಂದುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೊದಲು ಸವೆದ ಕಾಲು. ಗೋಪುರಕ್ಕೆ ಮೂರು ದಿಕ್ಕಿಗೆ ಹಗ್ಗ ಕಟ್ಟಿ ಬಿಗಿದ ಮೇಲೆಯೇ ಕೈ ಹಾಕಿ. ಸವೆದ ಭಾಗದ ಮೇಲೆ ಅದೇ ಅಳತೆಯ ಹೊಸ ಗ್ಯಾಲ್ವನೈಸ್ಡ್ ಆಂಗಲ್ ಅನ್ನು ಎರಡು ಅಡಿ ಮೇಲುಬರುವಂತೆ ಬೋಲ್ಟ್ ಮಾಡಿ, ಕೆಳಗೆ ಕಾಂಕ್ರೀಟ್ ಹಾಕಿ. ಕಾಂಕ್ರೀಟು ನೆಲಕ್ಕಿಂತ ಆರು ಇಂಚು ಎತ್ತರ, ಮೇಲ್ಮೈ ಹೊರಗೆ ಇಳಿಜಾರು. ಮಟ್ಟವಾಗಿ ಬಿಟ್ಟರೆ ನೀರು ಕಾಲಿನ ಸುತ್ತ ನಿಂತು ಇನ್ನು ಇಪ್ಪತ್ತು ವರ್ಷಕ್ಕೆ ಇದೇ ಕಥೆ. ವೆಲ್ಡಿಂಗ್ ಬೇಡ. ಸತು ಸುಟ್ಟು ಹೊಗೆ ಬರುತ್ತದೆ, ಕೆಲಸಗಾರನಿಗೆ ಜ್ವರ ಹಿಡಿಸುತ್ತದೆ, ಬೆಸುಗೆಯ ಸುತ್ತ ತುಕ್ಕಿಗೆ ದಾರಿಯಾಗುತ್ತದೆ.

ಆಮೇಲೆ ಚಕ್ರ. 8 ಅಡಿಯ ಚಕ್ರ ಎಂದರೆ ಮೂರು ಮೂರು ರೆಕ್ಕೆಗಳ ಆರು ತುಂಡು. ರೆಕ್ಕೆ ಕಳೆದ ತುಂಡುಗಳನ್ನು ಇಳಿಸಿ, ಚೆನ್ನಾಗಿರುವ ರೆಕ್ಕೆಯೊಂದನ್ನು ಅಚ್ಚಾಗಿಟ್ಟುಕೊಂಡು ಅದೇ ದಪ್ಪದ ಗ್ಯಾಲ್ವನೈಸ್ಡ್ ತಗಡಿನಲ್ಲಿ ಹೊಸತು ಮಾಡಿಸಿ. ಬಾಗು ಅಂದಾಜಿನಲ್ಲಿ ಬೇಡ, ಮರದ ಅಚ್ಚು ಕೊರೆಸಿ. ಪ್ರತಿ ತುಂಡನ್ನೂ ತೂಗಿ. ತೂಕ ಹೆಚ್ಚು ಕಡಿಮೆ ಇರುವ ಚಕ್ರ ತಿರುಗಿದಷ್ಟೂ ಗುಂಬದ (ಚಕ್ರದ ನಡುಭಾಗದ) ಬೇರಿಂಗನ್ನು ಒಂದೇ ಕಡೆ ತಿನ್ನುತ್ತದೆ. 5 ರೆಕ್ಕೆ ಇಲ್ಲದೆ ಈಗಲೂ ಬಿಟ್ಟು ತಿರುಗುತ್ತಿದ್ದರೆ ಇವತ್ತೇ ಕಟ್ಟಿಹಾಕಿ.

ಗೇರ್‌ಬಾಕ್ಸಿನ ನೀರು ಎಣ್ಣೆಗಿಂತ ಭಾರ, ತಳಕ್ಕೆ ಕೂರುತ್ತದೆ. ಮೊದಲು ಅದನ್ನು ಇಳಿಸಿ, ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಹಲ್ಲು ನೋಡಿ. ಚಕ್ರವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಲಟಕ್ ಎಂದು ಸಡಿಲ ಕೇಳಿದರೆ ಬ್ಯಾಬಿಟ್ (ಬೇರಿಂಗಿನ ಒಳಪದರದ ಮೆದು ಲೋಹ) ಸವೆದಿದೆ. ಹೊಸದಾಗಿ ಎರಕ ಹೊಯ್ದು ಬೋರಿಂಗ್ ಮಾಡಿಸಬೇಕು. ಹಳೆ ಡೀಸೆಲ್ ಎಂಜಿನ್ ಬೇರಿಂಗ್ ಮಾಡುತ್ತಿದ್ದ ಲೇತ್ ಶಾಪ್‌ಗಳಿಗೆ ಈ ಕೆಲಸ ಗೊತ್ತು.

ಎಣ್ಣೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಗೇರು ತಾನೆ ಎಂದು 90 ನಂಬರಿನ ಗೇರ್ ಎಣ್ಣೆ ಹೊಯ್ಯುವುದು. ಅದು ದಪ್ಪ, ತೊಟ್ಟಿಯಲ್ಲೇ ಕೂರುತ್ತದೆ, ಮೇಲಿನ ಬೇರಿಂಗ್‌ಗಳಿಗೆ ಏರುವುದಿಲ್ಲ. ತೆಳು ಎಣ್ಣೆ ಬೇಕು: ಡಿಟರ್ಜೆಂಟ್ ಇಲ್ಲದ 10 ದರ್ಜೆಯದು, ನಮ್ಮಲ್ಲಿ 32 ದರ್ಜೆಯ ಟರ್ಬೈನ್ ಎಣ್ಣೆ ಸರಿಹೋಗುತ್ತದೆ. ವರ್ಷಕ್ಕೊಮ್ಮೆ ಬದಲಾವಣೆ, ಗಾಳಿ ಶುರುವಾಗುವ ಮೊದಲು, ಮೇ ತಿಂಗಳಲ್ಲಿ. ಮುಚ್ಚಳ ಹೊಸತು ಮಾಡಿಸಿದರೆ ಒಳಬದಿಗೆ ವರ್ಷ ಪಂಚ್ ಮಾಡಿಸಿ. ಮುಂದೆ ನೋಡುವವರಿಗೆ ಯಾವುದು ಮೂಲ, ಯಾವುದು ಸೇರಿದ್ದು ಎಂದು ತಿಳಿಯಬೇಕು. 12 ಮರೆಯ ಆ ಒಂದು ಬೋಲ್ಟನ್ನೂ ಬಿಸಾಡಬೇಡಿ, ಇಲ್ಲಿ ನಡೆದ ರಿಪೇರಿಯ ಗುರುತು ಅದು.

ಕೊನೆಗೆ ಮಡಚುವ ತಂತಿ. ಕೆಳಗಿನ ಹಿಡಿ ಎಳೆದಾಗ ಬಾಲ ಚಕ್ರಕ್ಕೆ ಸಮಾನಾಂತರವಾಗಿ ಮಡಚಿಕೊಂಡು, ಚಕ್ರ ಗಾಳಿಗೆ ಅಂಚು ಕೊಟ್ಟು, ಬ್ರೇಕ್ ಪಟ್ಟಿ ಹಿಡಿಯುತ್ತದೆ. ಈ ತಂತಿ ತುಂಡಾದರೆ ಬಿರುಗಾಳಿಯಲ್ಲಿ ನಿಲ್ಲಿಸಲು ಕೈಯಲ್ಲೇನೂ ಇರುವುದಿಲ್ಲ. ಹಳೆಯ ತಂತಿ ಎಷ್ಟೇ ಗಟ್ಟಿ ಕಂಡರೂ ಪೂರ್ತಿ ಹೊಸತು ಹಾಕಿ. ಮಡಚಿದ ಚಕ್ರವೂ ಅಲ್ಪಸ್ವಲ್ಪ ತಿರುಗುತ್ತದೆ, ಹಾಗಾಗಿ ಮೇಲೆ ಕೆಲಸ ಮಾಡುವಾಗ ಹಗ್ಗದಲ್ಲಿ ಗೋಪುರಕ್ಕೆ ಕಟ್ಟಲೇಬೇಕು. ಸೇಫ್ಟಿ ಬೆಲ್ಟು ಸೊಂಟದ್ದಲ್ಲ, ಪೂರ್ತಿ ಮೈಯದು.

ಬಾವಿಕಟ್ಟೆ

ನೆಲದ ಕೆಳಗಿನದು ನನ್ನ ಪಾಲು.

ಮರದ ಸರಳು ಮುರಿದದ್ದಕ್ಕೆ ಬೇಸರ ಬೇಡ, ಅದು ಮುರಿಯಲೆಂದೇ ಇರುವುದು. ಕೆಳಗೆ ಪಂಪು ಹಿಡಿದುಕೊಂಡರೆ ಗೇರು ಮುರಿಯುವ ಬದಲು ಸರಳು ಮುರಿಯಲಿ ಎಂಬ ಲೆಕ್ಕ, ಫ್ಯೂಸ್ ಇದ್ದ ಹಾಗೆ. ‘ಈ ಸಲ ಗಟ್ಟಿಯಾಗಿರಲಿ’ ಎಂದು ಕಬ್ಬಿಣದ ಪೈಪು ಹಾಕಿಸುವವರು ಮುಂದಿನ ಸಲ ಗೇರ್‌ಬಾಕ್ಸನ್ನೇ ಕಳೆದುಕೊಳ್ಳುತ್ತಾರೆ. ಗಂಟಿಲ್ಲದ, ಎಳೆ ನೇರವಾಗಿರುವ ತೇಗ ಸಾಕು. ಗೋಪುರದೊಳಗೆ ಎಂಟು ಹತ್ತು ಅಡಿಗೊಂದು ಮರದ ಗೈಡ್ ಇರಬೇಕು, ಇಲ್ಲದಿದ್ದರೆ ಕೆಳಗಿಳಿಯುವಾಗ ಸರಳು ಬಿಲ್ಲಿನಂತೆ ಬಾಗುತ್ತದೆ.

ಹೊಸ ಸರಳು ಹಾಕುವ ಮೊದಲು ಕೆಳಗಿನ ತುಂಡನ್ನು ಕೈಯಲ್ಲಿ ಎಳೆದು ನೋಡಿ. ಭಾರವೇ ಇಲ್ಲದೆ ಮೇಲೆ ಬಂದರೆ ಒಳಗಿನ ರಾಡು ತುಂಡಾಗಿದೆ ಅಥವಾ ಚರ್ಮದ ಕಪ್ ವಾಷರ್ ಪುಡಿಯಾಗಿದೆ. ಅಲುಗಾಡದಿದ್ದರೆ ಸಿಲಿಂಡರಿನಲ್ಲಿ ಸುಣ್ಣ ಕಟ್ಟಿದೆ. ಭಾರವಾಗಿ ಬಂದು, ನೀರೂ ಬಂದು, ಮರುದಿನ ಬೆಳಗ್ಗೆ ಪೈಪು ಖಾಲಿಯಾಗಿದ್ದರೆ ತಳದ ವಾಲ್ವು ಸೋರುತ್ತಿದೆ.

ಸಿಲಿಂಡರ್ ಹಿತ್ತಾಳೆಯದಾಗಿರುತ್ತದೆ. ಒಳಗೆ ಗೀರು ಬಿದ್ದಿದ್ದರೆ ಹೋನಿಂಗ್ ಮಾಡಿಸಿ (ಒಳಮೈ ಉಜ್ಜಿ ನಯಗೊಳಿಸುವುದು), ಗುಜರಿಗೆ ಹಾಕಬೇಡಿ. ಒಳ ಅಳತೆ ಎರಡೂವರೆ ಇಂಚು, ಅಂದರೆ 63.5 ಮಿ.ಮೀ. ಇದ್ದರೆ ನಿಮ್ಮ ಪುಣ್ಯ. ಊರೂರಿನ ಇಂಡಿಯಾ ಮಾರ್ಕ್ 2 ಕೈಪಂಪಿನ ಸಿಲಿಂಡರ್ ಅಳತೆಯೂ ಅದೇ, ನೈಟ್ರೈಲ್ ರಬ್ಬರಿನ ಕಪ್ ವಾಷರ್ ಎಲ್ಲಿ ಬೇಕಾದರೂ ಸಿಗುತ್ತದೆ, ಬೋರ್‌ವೆಲ್ ಕೈಪಂಪ್ ರಿಪೇರಿ ಮಾಡುವವರೇ ಹಾಕಿಕೊಡುತ್ತಾರೆ. ಹಳೆಯ ಪ್ಲಂಜರ್‌ಗೆ (ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಭಾಗಕ್ಕೆ) ಕೂರುತ್ತದೋ ಎಂದು ಮಾತ್ರ ಮೊದಲು ಒಂದು ಹಾಕಿ ನೋಡಿ.

ಎತ್ತರದ ಲೆಕ್ಕವನ್ನು ಬಾವಿಯ ಬಾಯಿಂದ ಮಾಡಬೇಡಿ, ನೀರಿನ ಮಟ್ಟದಿಂದ ಟ್ಯಾಂಕಿನ ಬಾಯಿಯವರೆಗೆ ಅಳೆಯಿರಿ. 35 ಅಡಿ ಬಾವಿ, ಮೇಲೆ 20 ಅಡಿ ಎಂದುಕೊಂಡರೆ 55. ಬೇಸಿಗೆಯಲ್ಲಿ ನೀರು ಇನ್ನು 15 ಅಡಿ ಇಳಿದರೆ 70. 8 ಅಡಿ ಚಕ್ರಕ್ಕೆ ಎರಡು ಇಂಚಿನ ಸಿಲಿಂಡರ್ ಇದ್ದರೆ 140 ಅಡಿಯವರೆಗೆ, ಎರಡೂವರೆ ಇದ್ದರೆ ಸುಮಾರು 90 ಅಡಿಯವರೆಗೆ ಎತ್ತುತ್ತದೆ. ಎರಡರಲ್ಲೂ ನಿಮಗೆ ತೊಂದರೆಯಿಲ್ಲ. ಎರಡು ಇಂಚಿನಲ್ಲಿ ಒಳ್ಳೆ ಗಾಳಿಗೆ ಗಂಟೆಗೆ 700 ಲೀಟರ್ ಹತ್ತಿರ ಬರುತ್ತದೆ. ನಿಮ್ಮ ಟ್ಯಾಂಕು ಸುಮಾರು 3,200 ಲೀಟರ್, ನಾಲ್ಕೂವರೆ ಗಂಟೆಯಲ್ಲಿ ತುಂಬುತ್ತದೆ. ತುಂಬಿದ ಮೇಲೆ ಇದಕ್ಕೆ ಸ್ವಿಚ್ಚಿಲ್ಲ, ಎತ್ತುತ್ತಲೇ ಇರುತ್ತದೆ. ಹೆಚ್ಚಾದ ನೀರು ಬಾವಿಗೇ ವಾಪಸಾಗುವ ಪೈಪು ಇತ್ತೇ ನೋಡಿ, ಮುಚ್ಚಿಹೋಗಿದ್ದರೆ ಬಿಡಿಸಿ. ಇಲ್ಲದಿದ್ದರೆ ಆ ನೀರು ಇಟ್ಟಿಗೆ ಕಂಬದ ಬುಡಕ್ಕೆ ಇಳಿಯುತ್ತದೆ.

ಸಿಲಿಂಡರ್ ಆದಷ್ಟು ನೀರಿನೊಳಗೇ ಇರಲಿ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಪುಸ್ತಕದಲ್ಲಿ ಹೀರುವ ಮಿತಿ 10 ಮೀಟರ್ ಎಂದಿದ್ದರೂ ಇಲ್ಲಿ 6 ಮೀಟರಿನ ಮೇಲೆ ಭರವಸೆ ಇಡಬೇಡಿ.

ಇನ್ನೊಂದು ಗೋಜಲು ಪೈಪಿನ ಮರೆಯಲ್ಲಿದೆ. ಒಂದು ಇಂಚಿನಿಂದ ಎರಡು ಇಂಚಿನವರೆಗಿನ ಪೈಪಿಗೆ ನಮ್ಮ ಮರೆ ಇಂಚಿಗೆ 11, ಅಮೆರಿಕದ್ದು ಹನ್ನೊಂದೂವರೆ. ಹೊಸ ಜಿ.ಐ. ಪೈಪನ್ನು ಹಳೆ ಸಿಲಿಂಡರಿಗೆ ಹಾಕಿದರೆ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಿ ಹಿಡಿದುಕೊಳ್ಳುತ್ತದೆ. ಬಿಗಿಯಾಯಿತು ಎಂದು ಪ್ಲಂಬರ್ ಬಿಡುತ್ತಾನೆ, ಆಮೇಲೆ ಪೈಪು ಸಮೇತ ಬಾವಿಗೆ ಬೀಳುತ್ತದೆ. ಎರಡು ತುದಿಗೆ ಎರಡು ಥರ ಮರೆ ಕಡೆದ ಒಂದು ಗೇಣಿನ ಜೋಡುತುಂಡನ್ನು ಲೇತಿನಲ್ಲಿ ಮಾಡಿಸಿ.

ನೆರಳು

ಎಲ್ಲರೂ ತಿರುಗಿಸುವ ಮಾತನ್ನೇ ಆಡುತ್ತಿದ್ದೀರಿ. ಚಕ್ರಕ್ಕೆ ಗಾಳಿ ಎಲ್ಲಿದೆ? ಸುತ್ತ 120 ಮೀಟರ್ ಒಳಗಿನ ಮರ, ಕಟ್ಟಡಕ್ಕಿಂತ ಚಕ್ರ 15 ಅಡಿಯಾದರೂ ಮೇಲಿರಬೇಕು ಎಂಬುದು ಈ ಯಂತ್ರಗಳ ಮೂಲ ನಿಯಮ. 40 ಅಡಿ ಗೋಪುರ ನಿಂತಾಗ ಸುತ್ತ ಹಂಚಿನ ಮನೆಗಳಿದ್ದವು. ಈಗ ಪಕ್ಕದಲ್ಲಿ ನಾಲ್ಕು ಮಹಡಿ ಅಪಾರ್ಟ್‌ಮೆಂಟ್, ಬೀದಿಯಲ್ಲಿ 60 ಅಡಿಯ ಮಳೆಮರ. ಅಡ್ಡ ಸಿಕ್ಕಿದ ಗಾಳಿ ಸುಳಿಸುಳಿಯಾಗಿ ಬರುತ್ತದೆ, ಚಕ್ರ ಸುಮ್ಮನೆ ದಿಕ್ಕು ಬದಲಿಸುತ್ತ ತಿರುಗುಮಣೆಯನ್ನು ಸವೆಸುತ್ತದೆ. ಗೋಪುರ ಎತ್ತರಿಸಿದರೆ ಮೂಲ ರೂಪ ಹೋಯಿತು. ರಿಪೇರಿ ಮಾಡಿ, ನಿಲ್ಲಿಸಿಡಿ.

ಗಾಳಿಗಂಬ

ನೆರಳು ಅವರ ಆಕ್ಷೇಪ ಸರಿ. ಅಳೆದೇ ನೋಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಗೋಪುರದ ತುದಿಯಲ್ಲಿ ಅನಿಮೋಮೀಟರ್ (ಗಾಳಿಯ ವೇಗ ಅಳೆಯುವ ಸಾಧನ) ಕಟ್ಟಿ ಎರಡು ತಿಂಗಳು ದಾಖಲಿಸಿ. ಸೆಕೆಂಡಿಗೆ 3 ಮೀಟರ್ ದಾಟದಿದ್ದರೆ ಪಂಪು ಎಳೆಯುವುದಿಲ್ಲ. ಪಶ್ಚಿಮ ದಿಕ್ಕು ತೆರೆದಿದ್ದರೆ ವರ್ಷಕ್ಕೆ ಮೂರು ತಿಂಗಳಾದರೂ ತೋಟಕ್ಕೆ ಎತ್ತುತ್ತದೆ, ಅದು ಸಾಲದೇ?

ಆದರೆ ‘ನಿಲ್ಲಿಸಿಡಿ’ ಎಂದರೆ ಮರೆತುಬಿಡಿ ಎಂದಲ್ಲ. ನಿಂತ ಯಂತ್ರದಲ್ಲಿ ಗೇರಿನ ಮೇಲರ್ಧ ಎಣ್ಣೆಯಿಂದ ಹೊರಗಿರುತ್ತದೆ, ಅಲ್ಲೇ ತುಕ್ಕು. ತಿಂಗಳಿಗೊಮ್ಮೆ, ಗಾಳಿಯಿಲ್ಲದ ಬೆಳಗ್ಗೆ, ಚಕ್ರವನ್ನು ಕೈಯಲ್ಲಿ ಹತ್ತು ಸುತ್ತು ತಿರುಗಿಸಬೇಕು. ಎಣ್ಣೆ ಬದಲಾವಣೆ ಆಗಲೂ ವರ್ಷಕ್ಕೊಮ್ಮೆಯೇ. ಪಂಪಿನ ಸರಳು ಕಳಚಿ ‘ನೋಡಲು ಚೆಂದ’ ಎಂದು ಸುಮ್ಮನೆ ತಿರುಗಲು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಹೊರೆಯಿಲ್ಲದ ಚಕ್ರ ಹುಚ್ಚೆದ್ದು ತಿರುಗಿ ತನ್ನನ್ನೇ ಮುರಿದುಕೊಳ್ಳುತ್ತದೆ. ರೆಸಾರ್ಟ್‌ಗಳಲ್ಲಿ ಆಗುವುದು ಇದೇ.

ಕಾಗದಪತ್ರ

ಮಾರಾಟದ ಬಗ್ಗೆ ಹೇಳುತ್ತೇನೆ. ಗೋಪುರದ ಕಾಲು ನೆಲದಲ್ಲಿ ಹೂತಿದೆ, ಮನೆಯ ನೀರಿಗಾಗಿ ಶಾಶ್ವತವಾಗಿ ಹಾಕಿದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮಿನ ಪ್ರಕಾರ ನೆಲಕ್ಕೆ ಹೀಗೆ ಸೇರಿದ್ದು ಸ್ಥಿರಾಸ್ತಿಯ ಭಾಗ ಎಂದು ವಾದಿಸಲು ಗಟ್ಟಿ ಆಧಾರವಿದೆ. ಮೂವರ ಹೆಸರಿನ ಆಸ್ತಿಯಿಂದ ಇಬ್ಬರು ಒಪ್ಪಿ ಬಿಚ್ಚಿ ಮಾರಿದರೆ ಮೂರನೆಯವರು ಕೋರ್ಟಿಗೆ ಹೋಗಬಹುದು. ಗುಜರಿ ಸಾಮಾನು ಎಂದು ಚೀಟಿಯಲ್ಲಿ ಬರೆದುಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಸಹಿ ಹಾಕುವ ಮೊದಲು ವಕೀಲರಿಗೆ ದಾಖಲೆ ತೋರಿಸಿ.

ರಕ್ಷಣೆಯ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ. ನೂರು ವರ್ಷ ಆದರೆ ತಾನಾಗಿಯೇ ಪಾರಂಪರಿಕ ಕಟ್ಟಡ ಆಗುತ್ತದೆ ಎಂಬುದು ಒಂದು, ಆಗುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆ ಇದೆ, ಆದರೆ ಯೋಜನಾ ಪ್ರಾಧಿಕಾರ ಅಥವಾ ಅಧಿಕಾರವುಳ್ಳ ಸಂಸ್ಥೆ ಘೋಷಿಸಿದರೆ ಮಾತ್ರ ಅದು ಅನ್ವಯ. ಎರಡನೆಯದು, ಇಂಟ್ಯಾಕ್ ಪಟ್ಟಿಗೆ ಸೇರಿದರೆ ಮನೆ ಮುಟ್ಟುವಂತಿಲ್ಲ ಎಂಬ ಹೆದರಿಕೆ. ಇಂಟ್ಯಾಕ್ ಕಲೆ, ಪರಂಪರೆ ಉಳಿಸಲು 1984ರಲ್ಲಿ ಹುಟ್ಟಿದ ಸಂಸ್ಥೆ, ಸರ್ಕಾರಿ ಇಲಾಖೆಯಲ್ಲ. ಅದರ ಪಟ್ಟಿ ದಾಖಲಾತಿ ಅಷ್ಟೆ, ನಿರ್ಬಂಧ ಅಲ್ಲ. ಬೆಂಗಳೂರು ಶಾಖೆಯವರಿಗೆ ಬರೆದರೆ ದಾಖಲಾತಿಯ ದಾರಿ ತಿಳಿಸುತ್ತಾರೆ.

ಅರ್ಜಿಯ ಜೊತೆ ಕೊಡಲು ಇಷ್ಟು ಸಿದ್ಧವಿರಲಿ: ಮನೆ, ಬಾವಿ, ಗೋಪುರ, ಟ್ಯಾಂಕು ಎಲ್ಲವೂ ಒಂದೇ ಹಾಳೆಯಲ್ಲಿ ಕಾಣುವ 1:100 ನಕ್ಷೆ, ನೀರಿನ ಪೈಪಿನ ದಾರಿ ಬೇರೆ ಬಣ್ಣದಲ್ಲಿ, ಗೋಪುರದ 1:50 ನಕ್ಷೆ, ಬೋಲ್ಟು, ತೊಲೆ, ಬಾಲದ ಫೋಟೊಗಳು ಅಳತೆಪಟ್ಟಿ ಇಟ್ಟು ತೆಗೆದವು. ಹಳೆಯ ಕ್ರಯಪತ್ರಗಳಲ್ಲಿ ‘ಬಾವಿ ಮತ್ತು ಯಂತ್ರ ಸಮೇತ’ ಎಂಬಂಥ ಮಾತು ಇದೆಯೇ ನೋಡಿ. ಉಪನೋಂದಣಿ ಕಚೇರಿಯ ಕೈಬರಹದ ಪುಸ್ತಕದಿಂದ ದೃಢೀಕೃತ ನಕಲು ಸಿಗುತ್ತದೆ. ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. ಹಾಗಾಗಿ ಮೈಸೂರು ಸರ್ಕಾರದ ಕಡತಗಳಲ್ಲಿ ಸಿಗದಿದ್ದರೆ ದಾಖಲೆಯೇ ಇಲ್ಲ ಎಂದುಕೊಳ್ಳಬೇಡಿ, ಸಿವಿಲ್ ಆಂಡ್ ಮಿಲಿಟರಿ ಸ್ಟೇಷನ್ ಹೆಸರಲ್ಲಿ ರಾಜ್ಯ ಪತ್ರಾಗಾರದಲ್ಲಿ ಕೇಳಿ.

ಸುಣ್ಣದಗೂಡು

ಟ್ಯಾಂಕಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತುಂಬಿದಾಗ ನೀರೇ 3.2 ಟನ್. ಕಂಬಗಳ ಸಂದಿಗೆ ಸಿಮೆಂಟ್ ತುಂಬಿದ್ದರೆ ಕೆತ್ತಿ ತೆಗೆದು, ಸುಣ್ಣ ಒಂದು ಪಾಲು, ಮರಳು ಮೂರು ಪಾಲಿನ ಗಾರೆ ತುಂಬಿಸಿ. ಸುಣ್ಣ ಕನಿಷ್ಠ ಮೂರು ವಾರ ನೀರಲ್ಲಿ ನೆನೆದಿರಲಿ. ಬೆಲ್ಲ, ಅಳಲೆಕಾಯಿ ನೀರು ಹಾಕುವ ಮೇಸ್ತ್ರಿ ಸಿಕ್ಕರೆ ಇನ್ನೂ ಒಳ್ಳೆಯದು. ಸಿಮೆಂಟು ಒಳಗಿನ ತೇವ ಹೊರಬಿಡದೆ ಹಳೆ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ಮೊದಲ ಸಲ ಟ್ಯಾಂಕನ್ನು ಪೂರ್ತಿ ತುಂಬಬೇಡಿ. ಕಾಲು ಭಾಗ ತುಂಬಿ ಒಂದು ವಾರ, ಅರ್ಧ ತುಂಬಿ ಒಂದು ವಾರ ಬಿಟ್ಟು, ಕಂಬದ ಬಿರುಕಿನ ಮೇಲೆ ಅಂಟಿಸಿದ ಗಾಜಿನ ಪಟ್ಟಿ ಒಡೆದಿದೆಯೇ ನೋಡಿ ಮುಂದುವರಿಯಿರಿ.

ಹಂಚಿನ ಮಾಡಿನ ನೀರನ್ನು ಸೋಸಿ ಬಾವಿಗೆ ಬಿಡಿ. 200 ಚದರ ಮೀಟರ್ ಮಾಡಿಗೆ ಬೆಂಗಳೂರಿನ ಮಳೆಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ಬರುತ್ತದೆ. ಜಲಮಂಡಳಿಯ ಮಳೆನೀರು ಕೊಯ್ಲಿನ ನಿಯಮವೂ ಪಾಲಿಸಿದಂತಾಯಿತು, ಚಕ್ರಕ್ಕೂ ಎತ್ತಲು ನೀರಿರುತ್ತದೆ.

ಹಂಚಿನಮನೆ

ಕೊಟ್ಟುಬಿಡೋಣ ಅನ್ನುತ್ತಿದ್ದ ಇಬ್ಬರಿಗೂ ಇದನ್ನೆಲ್ಲ ಓದಿಸಿದೆ, ಮಾರುವ ಮಾತು ಸದ್ಯಕ್ಕೆ ನಿಂತಿದೆ. ಒಂದು ತೊಡಕು: ಚಕ್ರದ ಕೆಳಗಿನ ಅಟ್ಟಣಿಗೆಯಲ್ಲಿ ದೊಡ್ಡ ಹೆಜ್ಜೇನು ಗೂಡಿದೆ. ಹೊಗೆ ಹಾಕಿಸಲೇ?

ಬಾವಿಕಟ್ಟೆ

ಬೇಡ. 40 ಅಡಿ ಮೇಲೆ ಹೆಜ್ಜೇನು ಎದ್ದರೆ ಏಣಿಯಲ್ಲಿರುವವನಿಗೆ ಓಡಲು ಜಾಗವಿಲ್ಲ, ಅಟ್ಟಣಿಗೆ ಬೇರೆ ಒಣಮರ. ಹೆಜ್ಜೇನು ಒಂದೇ ಕಡೆ ವರ್ಷವಿಡೀ ಇರುವುದಿಲ್ಲ, ಕಾಲ ಕಳೆದರೆ ವಲಸೆ ಹೋಗುತ್ತದೆ. ಅಲ್ಲಿಯವರೆಗೆ ನೆಲದ ಕೆಲಸ, ಕಾಲಿನ ಬುಡ, ನಕ್ಷೆ ಮುಗಿಸಿಕೊಳ್ಳಿ. ಹೋದ ಮೇಲೆ ಮೇಣವನ್ನು ಪೂರ್ತಿ ಕೆರೆಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಜಾಗಕ್ಕೆ ಬರುತ್ತದೆ.